ಸೋಫಾ ಮತ್ತು ಸೈಮನ್ ಮೇಷ್ಟ್ರ ಕ್ರಿಯಾಪದ

ನಮ್ಮೂರಿನಲ್ಲಿ ಯಾರಾದರೂ ಎದುರು ಸಿಕ್ಕರೆ ಮುಖ ನೋಡಿ ಮಾತಾಡಬೇಕು, ಅವರ ಬೆನ್ನ ಹಿಂದೆ ಏನು ನಿಂತಿದೆ ಎಂದು ಇಣುಕಬಾರದು. ಮಕ್ಕಳಿಗೆ ನಾವು ಮೊದಲು ಕಲಿಸುವ ಮರ್ಯಾದೆಯೇ ಇದು. ಏಕೆಂದರೆ ಎಲ್ಲರ ಹಿಂದೆಯೂ ಏನಾದರೊಂದು ನಿಂತೇ ಇರುತ್ತದೆ. ಬಿಟ್ಟ ವಸ್ತು ನಮ್ಮಲ್ಲಿ ಬಿಟ್ಟ ಜಾಗದಲ್ಲಿ ಇರುವುದಿಲ್ಲ, ಎದ್ದು, ತನ್ನನ್ನು ಬಿಟ್ಟವರ ಹಿಂದೆಯೇ ಬಂದುಬಿಡುತ್ತದೆ. ಅಂಚೆಯ ವೆಂಕಟಾಚಲನ ಹಿಂದೆ ಮೂರು ಕಾಲಿನ ಸ್ಟೂಲೊಂದು ಕುಂಟುತ್ತಾ ಬರುತ್ತದೆ. ಆಸ್ಪತ್ರೆಯ ಡಾಕ್ಟರಮ್ಮನ ಹಿಂದೆ ಅರ್ಧಕ್ಕೆ ಬಿಟ್ಟ ಸ್ವೆಟರು ಹೆಣೆಯುವ ಕಡ್ಡಿಗಳನ್ನೇ ಕಾಲು ಮಾಡಿಕೊಂಡು ನಡೆಯುತ್ತದೆ. ಪುರಸಭೆಯ ಅಧ್ಯಕ್ಷರು ಹುಡುಗುತನದಲ್ಲಿ ಸಂಗೀತ ಕಲಿಯಲು ಹೋಗಿ ಎರಡನೇ ವಾರಕ್ಕೆ ಕೈಬಿಟ್ಟ ಹಾರ್ಮೋನಿಯಂ, ಈಗಲೂ ಅವರು ಭಾಷಣಕ್ಕೆ ನಿಂತಾಗಲೆಲ್ಲ ಹಿಂದಿನಿಂದ ಒಂದು ನಿಟ್ಟುಸಿರು ಬಿಡುತ್ತದೆ. ಸಭಿಕರು ಕೇಳಿಸದವರ ಹಾಗೆ ಕೂತಿರುತ್ತಾರೆ. ಗುಜರಿಯವನೊಬ್ಬ ನಮ್ಮೂರಿಗೆ ಒಂದೇ ಒಂದು ಸಲ ಬಂದಿದ್ದ. ತಾನು ಕೊಂಡ ಹಳೇ ಸಾಮಾನೆಲ್ಲ ಗಾಡಿಯಿಂದ ಇಳಿದು ಅವರವರ ಮನೆಗೆ ಹೊರಟದ್ದನ್ನು ನೋಡಿ ಗಾಡಿಯನ್ನೂ ಬಿಟ್ಟು ಓಡಿದ. ಗಾಡಿ ಅವನ ಹಿಂದೆ ಓಡಿತು.

ಹೆಣ್ಣು ನೋಡಲು ಬಂದವರು ನಮ್ಮಲ್ಲಿ ನಕ್ಷತ್ರ ಕೇಳುತ್ತಾರೆ, ಗೋತ್ರ ಕೇಳುತ್ತಾರೆ, ಆಮೇಲೆ ಗಂಟಲು ಸರಿಮಾಡಿಕೊಂಡು ‘ಹಿಂದೆ ಏನೇನಿದೆ’ ಎಂದು ಕೇಳುತ್ತಾರೆ. ಒಂದು ಕೊಡೆ, ಎರಡು ಗೊಂಬೆ, ಅರ್ಧ ಹಾಕಿದ ಕಸೂತಿ ಇದ್ದರೆ ತೊಂದರೆಯಿಲ್ಲ. ನಮ್ಮ ಅಂಬುಜಾಕ್ಷಿ ಚಿಕ್ಕಮ್ಮನ ಹಿಂದೆ ಇದ್ದದ್ದು ಒಂದು ಸೋಫಾ.

ಸಾಧಾರಣ ಸೋಫಾ ಅಲ್ಲ ಅದು. ಆರತಕ್ಷತೆಗೆ ಗಂಡುಹೆಣ್ಣನ್ನು ಕೂರಿಸುವ ಜೋಡಿ ಸಿಂಹಾಸನ. ಕೆಂಪು ಮಖಮಲ್ಲು, ಚಿನ್ನದ ಬಣ್ಣ ಬಳಿದ ಕಾಲುಗಳು, ಎರಡೂ ಕೈಗಳ ಮೇಲೆ ಒಂದೊಂದು ಮರದ ನವಿಲು. ಚಿಕ್ಕಮ್ಮನಿಗೆ ಇಪ್ಪತ್ತನಾಲ್ಕು ವರ್ಷವಾಗಿದ್ದಾಗ, ನಾಳೆ ಬೆಳಿಗ್ಗೆ ಮುಹೂರ್ತ ಎನ್ನುವ ಸಂಜೆ, ಆ ಸೋಫಾದ ಮೇಲೆ ಪಕ್ಕದಲ್ಲಿ ಕೂತಿದ್ದ ಮದುವೆ ಗಂಡು ‘ಒಂದು ಬೀಡಾ ಹಾಕ್ಕೊಂಡು ಬರ್ತೀನಿ’ ಎಂದು ಎದ್ದು ಹೋದವನು ಬರಲೇ ಇಲ್ಲ. ಮನುಷ್ಯರಿಗೆ ನಮ್ಮೂರಿನ ನಿಯಮ ಅನ್ವಯಿಸುವುದಿಲ್ಲವಲ್ಲ. ಮಾರನೆಯ ದಿನ ನಾವೆಲ್ಲ ಛತ್ರ ಖಾಲಿ ಮಾಡಿ ತಲೆ ತಗ್ಗಿಸಿಕೊಂಡು ಮನೆಗೆ ಬಂದಾಗ ಹಿಂದಿನಿಂದ ಟಕ ಟಕ ಸದ್ದು ಕೇಳಿತು. ಸೋಫಾ ನಮ್ಮ ಬೀದಿಯಲ್ಲಿ ಬರುತ್ತಿತ್ತು. ಶಾಮಿಯಾನದವನು ಮೂರು ಸಲ ಹಗ್ಗ ಕಟ್ಟಿ ಎಳೆದುಕೊಂಡು ಹೋದ, ಮೂರು ಸಲವೂ ಅದು ಹಗ್ಗದ ಸಮೇತ ಬಂತು. ನಾಲ್ಕನೆಯ ಸಲ ಅವನು ಬರಲಿಲ್ಲ.

ಬಿಟ್ಟುಹೋದ ಗಂಡಿನ ಗುರುತಾಗಿ ಸೋಫಾ ಹೆಣ್ಣಿನ ಹಿಂದೆ ಬಿದ್ದಿದೆ ಎಂದು ಊರು ತೀರ್ಮಾನಿಸಿತು. ಇದಕ್ಕೆ ಯಾರೂ ಸಾಕ್ಷಿ ಕೇಳಲಿಲ್ಲ, ನಾವೂ ಕೇಳಲಿಲ್ಲ. ಚಿಕ್ಕಮ್ಮ ಸ್ಕೂಲಿನಲ್ಲಿ ಹೊಲಿಗೆ ಟೀಚರಾದಳು. ಆ ಸ್ಕೂಲಿನಲ್ಲೇ ನಾನು ಓದಿದೆ, ಮುಗಿಸಿದ ಮೇಲೆ ಅವಳ ಕ್ಲಾಸಿನಲ್ಲೇ ಸಹಾಯಕ್ಕೆ ಸೇರಿದೆ. ನಾವಿಬ್ಬರೂ ಬೆಳಿಗ್ಗೆ ಹೊರಟರೆ ಸೋಫಾ ನಾಲ್ಕು ಹೆಜ್ಜೆ ಹಿಂದೆ ಹೊರಡುತ್ತಿತ್ತು. ರೇಷನ್ ಅಂಗಡಿಯ ಮುಂದೆ ನಾವು ಸಾಲಿನಲ್ಲಿ ನಿಂತರೆ ಮುದುಕಿಯರು ಅದರ ಮೇಲೆ ಕೂತು ಕಾಲು ಚಾಚುತ್ತಿದ್ದರು. ಚಿಕ್ಕಮ್ಮನನ್ನು ನೋಡಲು ಬಂದ ಏಳು ಗಂಡುಗಳು ಉಪ್ಪಿಟ್ಟು ತಿಂದು, ಅದೇ ಸೋಫಾದ ಮೇಲೆ ಕೂತು ಕಾಫಿ ಕುಡಿದು, ‘ತಿಳಿಸ್ತೀವಿ’ ಎಂದು ಹೋದರು. ಮೂವತ್ತೆಂಟು ತುಂಬುವ ಹೊತ್ತಿಗೆ ಚಿಕ್ಕಮ್ಮ ಉಪ್ಪಿಟ್ಟಿಗೆ ಗೋಡಂಬಿ ಹಾಕುವುದನ್ನು ನಿಲ್ಲಿಸಿದ್ದಳು.

ಆಗ ಹಿಟ್ಟಿನ ಗಿರಣಿಯ ದಾಮೋದರ ಬಂದ. ಬಂದ ಎನ್ನುವುದಕ್ಕಿಂತ ಗಿರಣಿಯಿಂದ ಹೊರಗೆ ಬಂದ. ನಾವು ರಾಗಿ ಬೀಸಿಸಲು ಹೋಗಿದ್ದೆವು. ಬಾಗಿಲಲ್ಲಿ ನಿಂತ ಸೋಫಾದ ಮೇಲೆ ಹಿಟ್ಟಿನ ಧೂಳು ಕೂತು ನವಿಲುಗಳು ಬಿಳಿಯಾಗಿದ್ದವು. ನಲವತ್ತು ದಾಟಿದ, ಕಣ್ಣಿನ ರೆಪ್ಪೆಯ ತನಕ ಹಿಟ್ಟು ಮೆತ್ತಿಕೊಂಡ ಮನುಷ್ಯ ಒಂದು ಬಟ್ಟೆ ಹಿಡಿದು ಬಂದು, ‘ಕ್ಷಮಿಸಿ, ಇವರ ಮೈಮೇಲೆಲ್ಲ ಹಿಟ್ಟಾಗಿದೆ, ಒರೆಸಲಾ?’ ಎಂದು ಕೇಳಿದ. ಸೋಫಾಕ್ಕೆ ಬಹುವಚನ ಕೊಟ್ಟು ಮಾತಾಡಿದ ಮೊದಲ ಗಂಡಸು ಅವನು. ಅವನ ಹಿಂದೆ ಅರ್ಧ ಆಡಿ ಬಿಟ್ಟ ಚೆಸ್ ಬೋರ್ಡೊಂದು, ಒಂದು ಕಾಯಿಯೂ ಬೀಳದ ಹಾಗೆ, ಬಲು ಜಾಗ್ರತೆಯಿಂದ ತೆವಳುತ್ತಿತ್ತು. ಚಿಕ್ಕಮ್ಮ ಮರ್ಯಾದೆ ಮರೆತು ಅದನ್ನೇ ನೋಡಿ, ‘ಕುದುರೆ ನಡೆಸಿದ್ರೆ ನಿಮಗೆ ಗೆಲುವಿತ್ತು’ ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಮೂರು ದಿನಕ್ಕೊಮ್ಮೆ ರಾಗಿ ಮುಗಿಯತೊಡಗಿತು.

ಎಲ್ಲ ಕೂಡಿಬರುವಂತಿತ್ತು, ದಾಮೋದರನ ತಾಯಿ ತುಂಗಮ್ಮನವರು ಬಾಯಿ ತೆರೆಯುವ ತನಕ. ಸೊಂಟಕ್ಕೆ ಕೈ ಕೊಟ್ಟು ನಮ್ಮ ಜಗುಲಿಯ ಮೇಲೆ ನಿಂತು ಅವರು ಹೇಳಿದರು, ‘ಹುಡುಗಿ ಲಕ್ಷಣವಾಗಿದ್ದಾಳೆ, ಒಪ್ಪಿದೆ. ಇನ್ನೊಬ್ಬ ಗಂಡು ಕೂತು ಎದ್ದುಹೋದ ಸೋಫಾ ಮಾತ್ರ ನನ್ನ ಹೊಸಿಲು ದಾಟಕೂಡದು. ಬರೋ ಶುಕ್ರವಾರ ನಿಮ್ಮ ಹುಡುಗಿ ನಮ್ಮನೆಗೆ ಬರ್ಲಿ. ಹಿಂದೆ ಅದು ಬರದೇ ಇದ್ರೆ ಅವತ್ತೇ ದಿನ ಇಡೋಣ. ಬಂದ್ರೆ ಇಲ್ಲ.’

‘ಕೂತ್ಕೊಂಡು ಮಾತಾಡಿ ತುಂಗಮ್ಮ’ ಎಂದು ನಮ್ಮಜ್ಜಿ ಸೋಫಾ ತೋರಿಸಿದಳು.

‘ಅದರ ಮೇಲಾ? ನಿಂತೇ ಸಾಯ್ತೀನಿ’ ಎಂದು ಅವರು ಹೊರಟೇಹೋದರು.

ಹೀಗೆ ನಾವು ಸೈಮನ್ ಮೇಷ್ಟ್ರ ಮನೆಗೆ ಹೋಗಬೇಕಾಯಿತು. ನಮ್ಮೂರಿನ ವಸ್ತುಗಳಿಗೆ ಕನ್ನಡದಲ್ಲಿ ‘ಹೋಗು’, ‘ತೊಲಗು’, ‘ನಿನ್ನ ಬಿಟ್ಟೆ’ ಎಂದರೆ ಮನೆಯವರು ಬೈದರು ಎಂಬಂತೆ ಇನ್ನೂ ಹತ್ತಿರ ಬರುತ್ತವೆ. ಅವು ಮಾತು ಕೇಳುವುದು ಒಂದೇ ಒಂದು ಇಂಗ್ಲಿಷ್ ಕ್ರಿಯಾಪದಕ್ಕೆ, ಫರ್‌ಸೇಕ್. ಇದು ಗೊತ್ತಾದದ್ದು ಮೇಷ್ಟ್ರ ಮದುವೆಯಲ್ಲಿ. ಚರ್ಚಿನ ಪಾದ್ರಿಗಳು ಇಂಗ್ಲಿಷಿನಲ್ಲಿ ಹೇಳಿಕೊಟ್ಟ ಪ್ರಮಾಣವನ್ನು ಮೇಷ್ಟ್ರು ಒಪ್ಪಿಸುತ್ತಿದ್ದಾಗ, ಮಿಕ್ಕವರನ್ನೆಲ್ಲ ತೊರೆದು ಇವಳೊಬ್ಬಳನ್ನೇ ಎನ್ನುವಲ್ಲಿ, ಆ ಪದ ಬಂತು. ಬಂದದ್ದೇ ತಡ, ಅಲ್ಲಿಯ ತನಕ ಅವರ ಹಿಂದೆ ನಿಂತಿದ್ದ ಹಳೇ ಕ್ರಿಕೆಟ್ ಬ್ಯಾಟು ನೆಲಕ್ಕೆ ಮಲಗಿತು, ಮತ್ತೆ ಏಳಲಿಲ್ಲ. ಅಂದಿನಿಂದ ನಲವತ್ತು ವರ್ಷ ಮೇಷ್ಟ್ರು ತಮ್ಮ ಹಜಾರದಲ್ಲಿ ಒಂದೇ ಕ್ರಿಯಾಪದದ ಪಾಠ ಮಾಡುತ್ತಾ ಬಂದಿದ್ದಾರೆ. ಕೆಲವರಿಗೆ ಫಲಿಸುತ್ತದೆ, ಹಲವರಿಗೆ ಫಲಿಸುವುದಿಲ್ಲ. ಗರಡಿಯ ರಂಗಪ್ಪ ಅದನ್ನು ಹೇಳಿದ ಕೂಡಲೇ ಅವನ ಗದೆ ಮಲಗಿತು, ಅವನೂ ಮೂರು ದಿನ ಊಟ ಬಿಟ್ಟು ಮಲಗಿದ್ದ. ಆದರೆ ಅವನ ಹೆಂಡತಿ ತೂತು ಬಿದ್ದ ಬಕೆಟ್ಟಿಗೆ ಹನ್ನೆರಡು ವರ್ಷದಿಂದ ದಿನಾ ಹೇಳುತ್ತಿದ್ದಾಳೆ, ಬಕೆಟ್ಟು ಜಗ್ಗಿಲ್ಲ. ಎಲ್ಲ ಉಚ್ಚಾರಣೆಯಲ್ಲಿದೆ ಎಂದು ಊರಿನವರ ನಂಬಿಕೆ. ಆದ್ದರಿಂದ ನಮ್ಮ ಬೀದಿಗಳಲ್ಲಿ ಬೆಳಿಗ್ಗೆ ಹೆಂಗಸರು ರಂಗೋಲಿ ಹಾಕುತ್ತಾ ಕೆಳತುಟಿ ಕಚ್ಚಿ ‘ಫ, ಫ’ ಎಂದು ಗಾಳಿ ಊದುವುದು ಕೇಳುತ್ತದೆ.

ಚಿಕ್ಕಮ್ಮನೂ ಸೋಫಾದ ಮುಂದೆ ನಿಂತು ತುಟಿ ಕಚ್ಚಿ ಹನ್ನೊಂದು ಸಲ ಹೇಳಿದಳು. ಸೋಫಾ ಕಿವಿಯಿಲ್ಲದ ಹಾಗೆ ನಿಂತಿತ್ತು.

‘ಉಚ್ಚಾರಣೆ ಚೆನ್ನಾಗಿದೆ ತಾಯಿ’ ಎಂದರು ಮೇಷ್ಟ್ರು. ‘ಅರ್ಥ ಸಾಲದು. ನಲವತ್ತು ವರ್ಷದಿಂದ ಬೋರ್ಡಿನ ಮೇಲೆ ಬರೀತಾ ಇದೀನಿ, ಎಲ್ರೂ ಉಚ್ಚಾರಣೆ ಬರ್ಕೊಂಡು ಹೋಗ್ತಾರೆ, ಅರ್ಥ ಯಾರೂ ಬರ್ಕೊಳ್ಳಲ್ಲ. ಬಿಸಾಡೋದಕ್ಕೆ ಬೇರೆ ಪದ ಇದೆ, ಕೈಬಿಡೋದಕ್ಕೆ ಬೇರೆ ಇದೆ. ಇದು ಹಾಗಲ್ಲ. ಪ್ರೀತಿಯಿಂದ ಇಟ್ಕೊಂಡಿದ್ದನ್ನ ಬಿಡೋದು. ಪ್ರೀತಿಯೇ ಇರದಿದ್ದನ್ನ ಫರ್‌ಸೇಕ್ ಮಾಡೋಕೆ ಆಗಲ್ಲ. ಪ್ರಯೋಗವೇ ತಪ್ಪು.’

ಚಿಕ್ಕಮ್ಮ ಕೇಳಿದಳು, ‘ಹಾಗಾದ್ರೆ ಮೇಷ್ಟ್ರೇ, ಅವತ್ತು ಆ ಮನುಷ್ಯ ನನ್ನ ಬಿಟ್ಟುಹೋದ್ನಲ್ಲ, ಅದಕ್ಕೆ ಈ ಪದ ಆಗುತ್ತಾ?’

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ‘ಎಷ್ಟು ದಿನದ ಪರಿಚಯ ಇತ್ತು?’

‘ಒಂದು ಸಲ ಬಂದು ಹೆಣ್ಣು ನೋಡಿದ್ದ. ಆರತಕ್ಷತೆ ದಿನ ಅರ್ಧ ಗಂಟೆ ಪಕ್ಕದಲ್ಲಿ ಕೂತಿದ್ದ.’

‘ಆಗಲ್ಲಮ್ಮ. ಅದಕ್ಕೆ ಬರೀ ಎದ್ದುಹೋದ ಅಂದ್ರೆ ಸಾಕು.’

‘ಅಷ್ಟೂ ಮರ್ಯಾದೆ ಇಲ್ವಾ ನನಗೆ?’ ಎಂದು ಚಿಕ್ಕಮ್ಮ ದಾರಿಯುದ್ದಕ್ಕೂ ಗೊಣಗುತ್ತಾ ಬಂದಳು. ಹಿಂದೆ ಸೋಫಾ ಟಕ ಟಕ ಎನ್ನುತ್ತಿತ್ತು.

ಶುಕ್ರವಾರಕ್ಕೆ ಇನ್ನು ಆರು ದಿನ. ಬಿಡಬೇಕಾದರೆ ಮೊದಲು ಪ್ರೀತಿಸಬೇಕು ಎಂದಾದರೆ ಆರು ದಿನದಲ್ಲಿ ಪ್ರೀತಿಸುತ್ತೇನೆ ಎಂದು ಚಿಕ್ಕಮ್ಮ ಹಟ ಹಿಡಿದಳು. ಮೊದಲ ದಿನ ಸೋಫಾಕ್ಕೆ ಎಣ್ಣೆ ಹಚ್ಚಿ ಒರೆಸಿದಳು. ಎರಡನೆಯ ದಿನ ನವಿಲುಗಳಿಗೆ ಮಲ್ಲಿಗೆ ದಂಡೆ ಮುಡಿಸಿದಳು. ಮೂರನೆಯ ದಿನ ಒಂದು ತಟ್ಟೆ ಕೇಸರಿಬಾತು ತಂದು ಅದರ ಮುಂದೆ ಇಟ್ಟು, ಅರ್ಧ ಗಂಟೆ ಕಾದು, ತಾನೇ ತಿಂದಳು. ನಾಲ್ಕನೆಯ ದಿನ ‘ಮುದ್ದು’ ಎಂದು ಕರೆಯಲು ಬಾಯಿ ತೆರೆದವಳಿಗೆ ಸೀನು ಬಂತು.

‘ದ್ವೇಷ ಮಾಡೋದಾದ್ರೂ ಇಷ್ಟು ಕಷ್ಟಪಟ್ಟು ಮಾಡಿರ್ಲಿಲ್ಲ ನಾನು’ ಎಂದು ಅವಳು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟಳು.

‘ಕುಂಬಳಕಾಯಿಯನ್ನ ಮದುವೆಯಾದ ರಾಜಕುಮಾರಿ ಕಥೆ ಗೊತ್ತಲ್ಲ’ ಎಂದಳು ಅಜ್ಜಿ. ‘ಅವಳೂ ಅದರ ಹತ್ರ ಒಬ್ಬಳೇ ಕೂತು ಮಾತಾಡಿದ ಮೇಲೇ ಪ್ರೀತಿ ಹುಟ್ಟಿದ್ದು.’

ಐದನೆಯ ದಿನ ಬೆಳಿಗ್ಗೆ ಚಿಕ್ಕಮ್ಮ ಒಳ್ಳೆಯ ಸೀರೆ ಉಟ್ಟು, ‘ಚಂಪೀ, ನೀನು ಬರಬೇಡ. ನಾನೂ ಸೋಫಾನೂ ಕೆರೆ ಏರಿ ಮೇಲೆ ಹೋಗಿ ಮನಸ್ಸು ಬಿಚ್ಚಿ ಮಾತಾಡ್ಕೊಂಡು ಬರ್ತೀವಿ’ ಎಂದು ನನಗೆ ಹೇಳಿ ಹೊರಟಳು. ಗೇಟು ದಾಟಿದಳು. ಸೋಫಾ ಅಂಗಳದಲ್ಲಿಯೇ ನಿಂತಿತ್ತು. ‘ಬಾ’ ಎಂದಳು, ಕೈ ತಟ್ಟಿದಳು, ನಾಯಿಯನ್ನು ಕರೆಯುವ ಹಾಗೆ ನಾಲಿಗೆ ಲೊಚಗುಟ್ಟಿದಳು. ನಾನು ಒಗೆದ ಬಟ್ಟೆ ಹರವಲು ಹಿತ್ತಲಿಗೆ ಹೋದೆ. ಟಕ ಟಕ ಎಂದು ಸೋಫಾ ನನ್ನ ಹಿಂದೆ ಹಿತ್ತಲಿಗೆ ಬಂತು.

ಚಿಕ್ಕಮ್ಮ ಗೇಟಿನ ಹೊರಗೆ ಬೆರಳು ಮೇಲೆತ್ತಿಕೊಂಡು ನಿಂತುಬಿಟ್ಟಳು. ಆಮೇಲೆ ಒಳಗೆ ಬಂದು ತಣ್ಣಗಿನ ದನಿಯಲ್ಲಿ ಹೇಳಿದಳು, ‘ಚಂಪೀ, ನೀನು ಬಾವಿ ಹತ್ರ ಹೋಗು.’ ಹೋದೆ. ಸೋಫಾ ಬಾವಿಯ ಹತ್ತಿರ ಬಂತು. ‘ಈಗ ಜಗುಲಿಗೆ ಬಾ.’ ಬಂದೆ. ಸೋಫಾ ಜಗುಲಿಗೆ ಬಂತು. ಚಿಕ್ಕಮ್ಮ ಅದರ ಮುಂದೆಯೇ ಮೂರು ಸಲ ಹಾದುಹೋದಳು. ನವಿಲುಗಳು ಕೂಡ ಅವಳ ಕಡೆ ನೋಡಲಿಲ್ಲ.

‘ಇದು ನನ್ನದಲ್ಲವೇ ಅಲ್ಲ’ ಎಂದಳು ಚಿಕ್ಕಮ್ಮ.

ಹದಿನಾಲ್ಕು ವರ್ಷ ನಮಗೆ ಇದು ಹೊಳೆದಿರಲಿಲ್ಲ ಎಂದರೆ ಹೊರಗಿನವರು ನಗಬಹುದು. ನಾವು ಇಬ್ಬರೂ ಯಾವಾಗಲೂ ಜೊತೆಗಿದ್ದೆವು. ಅವಳೊಬ್ಬಳೇ ಹೊರಗೆ ಹೋದ ದಿನ ಸೋಫಾ ಮನೆಯಲ್ಲಿ ನನ್ನ ಬಳಿ ಉಳಿದರೆ ‘ಪಾಪ, ಅದಕ್ಕೂ ಕಾಲುನೋವು’ ಎಂದುಕೊಂಡೆವು. ನನ್ನೊಬ್ಬಳ ಹಿಂದೆ ಅದು ಲೈಬ್ರರಿಗೆ ಬಂದಾಗ ‘ಅಂಬುಜಾಕ್ಷಿ ಮಗುವನ್ನ ಕಾಯೋಕೆ ಸೋಫಾ ಕಳಿಸಿದಾಳೆ’ ಎಂದು ಜನ ಮೆಚ್ಚಿಕೊಂಡರು. ಮದುವೆ ಮುರಿದದ್ದು ಅವಳದ್ದು, ಹಾಗಾಗಿ ಸೋಫಾವೂ ಅವಳದ್ದೇ.

ಆರತಕ್ಷತೆಯ ಆ ಸಂಜೆ ನನಗೆ ನೆನಪಾಯಿತು. ಒಂಬತ್ತು ವರ್ಷದವಳು ನಾನು. ದೊಡ್ಡವರೆಲ್ಲ ಮದುವೆ ಗಂಡನ್ನು ಹುಡುಕಲು ಓಡಾಡುತ್ತಿದ್ದಾಗ ಖಾಲಿ ಸೋಫಾದ ಮೇಲೆ ಹತ್ತಿ, ಅಜ್ಜಿಗೆ ಒರಗಿ ಕಥೆ ಕೇಳುತ್ತಿದ್ದೆ. ಆ ಮಖಮಲ್ಲಿನ ಮೆತ್ತನೆ, ನವಿಲಿನ ಕೊರಳಿನ ನುಣುಪು, ನನ್ನ ಕಾಲು ನೆಲಕ್ಕೆ ಎಟುಕದಿದ್ದದ್ದು, ಅಷ್ಟು ಚೆಂದದ ಜಾಗದಲ್ಲಿ ನಾನು ಅದುವರೆಗೂ ಕೂತಿರಲಿಲ್ಲ. ಹೊರಡುವಾಗ ಅದನ್ನು ತಬ್ಬಿ, ಬಿಟ್ಟು ಬಂದೆ. ಎಲ್ಲರೂ ಬಿಟ್ಟು ಬಂದರು, ಆದರೆ ಬಿಡಬೇಕಲ್ಲ ಎಂದು ಅತ್ತವಳು ನಾನೊಬ್ಬಳೇ. ಆಮೇಲೆ ನನ್ನ ಓದು, ಜ್ವರ, ಹಗಲುಗನಸು ಎಲ್ಲವೂ ಅದರ ಮೇಲೇ ನಡೆದವು. ಚಿಕ್ಕಮ್ಮನ ದುರದೃಷ್ಟ ಎಂದು ಇಡೀ ಊರು ಕರೆದ ವಸ್ತು ನನಗೆ ಮಾತ್ರ ಮನೆಯೊಳಗಿನ ಇನ್ನೊಂದು ಮನೆಯಾಗಿತ್ತು.

ಚಿಕ್ಕಮ್ಮ ಅಂಗಳದ ನೆಲದ ಮೇಲೆಯೇ ಕೂತಳು. ನನಗೆ ಬೈಯುತ್ತಾಳೆ ಎಂದುಕೊಂಡೆ. ಅವಳು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದಳು. ‘ಏಳು ಗಂಡು ಕಣೇ. ಏಳು ಸಲ ಉಪ್ಪಿಟ್ಟು ಕೆದಕಿದೀನಿ, ನಿನ್ನ ಸೋಫಾಕ್ಕೋಸ್ಕರ.’

‘ಅದರಲ್ಲಿ ಐದು ಗಂಡು ನೀನೇ ಬೇಡ ಅನ್ನೋ ಹಾಗಿದ್ವು’ ಎಂದಳು ಅಜ್ಜಿ ಜಗುಲಿಯಿಂದ.

‘ಬೇಡ ಅನ್ನೋ ಭಾಗ್ಯನಾದ್ರೂ ನಂಗೆ ಸಿಗ್ತಿತ್ತಲ್ಲಮ್ಮ’ ಎಂದಳು ಚಿಕ್ಕಮ್ಮ. ಆಮೇಲೆ ತನ್ನ ಬೆನ್ನ ಹಿಂದೆ ತಿರುಗಿ ನೋಡಿಕೊಂಡಳು. ಅಲ್ಲಿ ಏನೂ ಇರಲಿಲ್ಲ, ಬರೀ ಅಂಗಳ. ಹದಿನಾಲ್ಕು ವರ್ಷದಿಂದಲೂ ಇರಲಿಲ್ಲ. ಅವಳು ನಗಲು ಶುರುಮಾಡಿದಳು, ನಗುತ್ತಾ ಕಣ್ಣೊರೆಸಿಕೊಂಡಳು, ಕೊನೆಗೆ ನನ್ನನ್ನು ನೋಡಿ ಕೇಳಿದಳು, ‘ಇದು ನಿನ್ನದು ಅಂದ್ರೆ ತುಂಗಮ್ಮನೋರು ನಂಬಲ್ಲ. ಮದುವೆಯಾದ ಮೇಲೂ ನೀನು ನನ್ನ ನೋಡೋಕೆ ಅವರ ಮನೆಗೆ ಬಂದಾಗೆಲ್ಲ ಅದೂ ಬರುತ್ತೆ. ನಾಳೆ ಆ ಪದ ನೀನು ಹೇಳ್ತೀಯೇನೇ, ಚಂಪೀ? ಬೇಡ ಅಂದ್ರೆ ಬೇಡ.’

ನಾನು ಹೂಂ ಎಂದೆ. ಹೂಂ ಎನ್ನುವುದು ಸುಲಭವಿತ್ತು. ಅಂದು ಮಧ್ಯಾಹ್ನ ಸೋಫಾದ ಮೇಲೆ ಬಿದ್ದುಕೊಂಡು ಫ, ಫ ಎಂದು ಅಭ್ಯಾಸ ಮಾಡಲು ನೋಡಿದೆ. ಪ್ರತಿ ಸಲ ಕೆಳತುಟಿ ಕಚ್ಚಿದಾಗಲೂ ಅದು ನಡುಗಿ ಹಲ್ಲಿನಿಂದ ಜಾರುತ್ತಿತ್ತು. ಸೈಮನ್ ಮೇಷ್ಟ್ರ ಮನೆಗೆ ಓಡಿದೆ, ಸೋಫಾ ಜೊತೆಗೇ ಓಡಿತು. ‘ಮೇಷ್ಟ್ರೇ, ನಂಗೆ ಉಚ್ಚಾರಣೆ ಬರ್ತಾ ಇಲ್ಲ.’

ಅವರು ನನ್ನ ಮುಖ ನೋಡಿದರು. ‘ಅರ್ಥ ಬಂದಿದೆಯಮ್ಮ. ಪದ ತಾನಾಗಿ ಬರುತ್ತೆ.’

‘ನೋವಾಗುತ್ತಾ?’

‘ನನಗೆ ಆ ಬ್ಯಾಟಿಂದ ಶತಕ ಹೊಡೀಬೇಕು ಅಂತಿತ್ತು. ನಲವತ್ತು ವರ್ಷವಾಯ್ತು’ ಎಂದರು ಮೇಷ್ಟ್ರು. ಒಳಗಿನಿಂದ ಅವರ ಹೆಂಡತಿ, ‘ಹತ್ತು ರನ್ನು ಹೊಡೆದೋರಲ್ಲ, ಮಗು ಎದುರು ಕೊಚ್ಕೋಬೇಡಿ’ ಎಂದರು. ಮೇಷ್ಟ್ರು ನಕ್ಕುಬಿಟ್ಟರು, ಅವರ ಜೊತೆ ನಾನೂ ನಕ್ಕೆ.

ಶುಕ್ರವಾರ ಬೆಳಿಗ್ಗೆ ಅಜ್ಜಿ, ಚಿಕ್ಕಮ್ಮ, ನಾನು, ಸೋಫಾ ನಾಲ್ವರೂ ಗಿರಣಿಯ ಪಕ್ಕದ ಮನೆಗೆ ಹೋದೆವು. ತುಂಗಮ್ಮನವರು ಹೊಸಿಲಲ್ಲಿ ನಿಂತಿದ್ದರು. ನಮ್ಮ ಹಿಂದೆ ನೋಡಿ ಅವರ ಹುಬ್ಬು ಏರಿತು. ದಾಮೋದರ ಅಂದು ಮುಖ ತೊಳೆದಿದ್ದ. ಹಿಟ್ಟಿಲ್ಲದ ಅವನ ಮುಖವನ್ನು ಚಿಕ್ಕಮ್ಮ ಮೊದಲ ಸಲ ನೋಡಿ ಯಾರೋ ನೆಂಟರು ಎಂದುಕೊಂಡು ಕೈಮುಗಿದಳು.

‘ಒಂದು ನಿಮಿಷ ಇರಿ ಅಮ್ಮ, ಅದು ನನ್ನದು’ ಎಂದು ನಾನು ತುಂಗಮ್ಮನವರಿಗೆ ಹೇಳಿ, ಅಂಗಳದ ನಡುವೆ ಸೋಫಾದ ಮುಂದೆ ಕೂತೆ. ನವಿಲಿನ ಕೊರಳು ಸವರಿದೆ. ಮೇಷ್ಟ್ರು ಹೇಳಿದ್ದು ನಿಜ. ಪದ ತಾನಾಗಿ ಬಂತು. ಜೋರಾಗಿ ಹೇಳಬೇಕಾಗಲಿಲ್ಲ. ಸೋಫಾ ಒಮ್ಮೆ ಮೈ ನಡುಗಿಸಿ, ನಡೆಯಲು ಬಾಗಿದ್ದ ಕಾಲುಗಳನ್ನು ನೇರ ಮಾಡಿಕೊಂಡು ಸುಮ್ಮನಾಯಿತು. ನಾನು ಎದ್ದು ಹತ್ತು ಹೆಜ್ಜೆ ನಡೆದೆ. ಟಕ ಟಕ ಕೇಳಲಿಲ್ಲ. ಅಜ್ಜಿ ನನ್ನ ಕೈ ಹಿಡಿದುಕೊಂಡಳು.

ತುಂಗಮ್ಮನವರು ಸುಲಭಕ್ಕೆ ನಂಬುವವರಲ್ಲ. ಬಂದು ಸೋಫಾವನ್ನು ಕೋಲಿನಿಂದ ತಿವಿದರು. ನೂಕಿದರು. ‘ನಾಟಕ ಇರಬಹುದು, ಅಲ್ಲಾಡುತ್ತಾ ನೋಡ್ತೀನಿ’ ಎಂದು ತುದಿಯಲ್ಲಿ ಕೂತರು. ಸ್ವಲ್ಪ ಹೊತ್ತಿನ ಮೇಲೆ ಹಿಂದಕ್ಕೆ ಸರಿದು ಕೂತರು. ಆಮೇಲೆ ಕಾಲು ಮೇಲೆತ್ತಿಟ್ಟರು. ಅಲ್ಲಿಗೇ ಕಾಫಿ ತರಿಸಿಕೊಂಡರು. ಪಂಚಾಂಗವನ್ನೂ ಅಲ್ಲಿಗೇ ತರಿಸಿ, ಒರಗಿಕೊಂಡು ದಿನ ನೋಡಿದರು, ಮುಂದಿನ ತಿಂಗಳ ಹನ್ನೊಂದಕ್ಕೆ ಮುಹೂರ್ತ ಇಟ್ಟರು. ಮಾತಿನ ನಡುವೆ ಒಂದು ಕೋಳಿನಿದ್ದೆಯೂ ಆಯಿತು. ಮಧ್ಯಾಹ್ನದ ಹೊತ್ತಿಗೆ ಎದ್ದು ಸೀರೆ ಕೊಡವಿಕೊಂಡು ಮಗನಿಗೆ ಹೇಳಿದರು, ‘ಸರಿ ದಾಮು, ಇನ್ನು ಇದನ್ನ ತಗೊಂಡು ಹೋಗಿ ಕೆರೆ ಆಚೆ ಬಿಟ್ಟು ಬಾ. ನಮಗೆ ಬೇಡ.’

ಹೇಳಿ ಅವರು ಒಳಗೆ ಹೊರಟರು. ಟಕ, ಟಕ.

ತುಂಗಮ್ಮನವರು ನಿಂತರು. ಸೋಫಾ ನಿಂತಿತು. ಅವರು ಎರಡು ಹೆಜ್ಜೆ ಇಟ್ಟರು, ಸೋಫಾವೂ ಇಟ್ಟಿತು. ಹೊಸಿಲು ದಾಟಿದರು. ಸೋಫಾ ಮೊದಲು ಮುಂಗಾಲು, ಆಮೇಲೆ ಹಿಂಗಾಲು ಎತ್ತಿ, ನವಿಲುಗಳು ಬಾಗಿಲಿಗೆ ತಗುಲದ ಹಾಗೆ ಓರೆಯಾಗಿ, ಹೊಸಿಲು ದಾಟಿತು. ಯಾರೂ ನಗಲಿಲ್ಲ, ನಮ್ಮ ಮರ್ಯಾದೆ ಅಂಥದು. ಎಲ್ಲರೂ ತುಂಗಮ್ಮನವರ ಮುಖವನ್ನೇ ನೋಡಿದೆವು.

‘ದಿನ ಇಟ್ಟಾಗಿದೆ ತುಂಗಮ್ಮ’ ಎಂದಳು ಅಜ್ಜಿ ಮೆಲ್ಲಗೆ.

ಮದುವೆ ಹನ್ನೊಂದಕ್ಕೇ ಆಯಿತು. ಚಿಕ್ಕಮ್ಮನೂ ದಾಮೋದರನೂ ಈಗ ಆ ಚೆಸ್ ಆಟವನ್ನು ಮುಂದುವರಿಸುತ್ತಿದ್ದಾರೆ. ಕುದುರೆ ನಡೆಸಿದರೂ ಅವನು ಸೋಲುವಂತಿದೆ. ತುಂಗಮ್ಮನವರು ವಾರಕ್ಕೆರಡು ಸಲ ಸೈಮನ್ ಮೇಷ್ಟ್ರ ಪಾಠಕ್ಕೆ ಹೋಗುತ್ತಾರೆ. ‘ಅದರ ಮೇಲೆ ಪ್ರೀತಿ ಇದೆಯಾ ತಾಯಿ?’ ಎಂದು ಮೇಷ್ಟ್ರು ಕೇಳಿದರೆ ‘ಥೂ, ಅದರ ಮೇಲಾ?’ ಎಂದು, ಮೇಷ್ಟ್ರು ಹಾಕಿದ ಕುರ್ಚಿಯನ್ನು ಸರಿಸಿ ಸೋಫಾದ ಮೇಲೆಯೇ ಕೂತು ಫ, ಫ ಎಂದು ಅಭ್ಯಾಸ ಮಾಡುತ್ತಾರಂತೆ.

ಮೊನ್ನೆ ಸ್ಕೂಲು ಮುಗಿಸಿ ಬರುವಾಗ ಪೇಟೆ ಬೀದಿಯಲ್ಲಿ ಅವರು ಎದುರು ಸಿಕ್ಕರು. ‘ಏನಮ್ಮ ಚಂಪಾ, ಇಳಿದುಹೋಗಿದ್ದೀಯ’ ಎಂದು ಕೇಳಿದರು. ನಾನು ಮುಖ ನೋಡಿಯೇ ಮಾತಾಡಿದೆ, ಹಿಂದೆ ಇಣುಕಲಿಲ್ಲ. ಅವರು ಮುಂದೆ ನಡೆದಾಗ ಸೋಫಾ ನನ್ನ ಪಕ್ಕದಲ್ಲಿಯೇ, ಕೈಗೆಟುಕುವಷ್ಟು ಹತ್ತಿರ, ಟಕ ಟಕ ಎಂದು ಹಾದುಹೋಯಿತು. ಹೆಜ್ಜೆ ನಿಧಾನ ಮಾಡಲಿಲ್ಲ. ನಾನು ದಾರಿ ಬಿಟ್ಟು ನಿಂತೆ.

ಅಜ್ಜಿ ಚಿಕ್ಕಮ್ಮನನ್ನು ನೋಡಲು ಹೋಗಿದ್ದಳು, ಮನೆಗೆ ಬಂದು ನಾನೇ ಬೀಗ ತೆಗೆದೆ. ಇಷ್ಟು ವರ್ಷ ಅದು ಒಳಗೆ ಬರಲೆಂದು ಎರಡೂ ಕದ ತೆರೆಯುವುದು ಅಭ್ಯಾಸವಾಗಿಹೋಗಿತ್ತು, ಮದುವೆಯ ನಂತರವೂ ಹಾಗೆಯೇ ತೆರೆಯುತ್ತಿದ್ದೆ. ಅಂದು ಒಂದೇ ಕದ ತೆರೆದೆ. ನನಗೊಬ್ಬಳಿಗೆ ಅಷ್ಟು ಸಾಕಾಯಿತು.